ಮೂವತ್ತೊಂಬತ್ತು ಕ್ಲಿಪ್ಪುಗಳು

ಡ್ರೈ ಫೋರ್ಕ್, ಮೊಂಟಾನಾ
ನವೆಂಬರ್ 14, 1983

ಆಂಬ್ರೋಸ್,

ಎರಡು ಸಲ ಫೋನು ಕೈಗೆತ್ತಿಕೊಂಡು ಇಟ್ಟುಬಿಟ್ಟೆ. ನಿನ್ನ ಅಕ್ಕ ಮಾತಾಡಿದರೆ ಏನು ಹೇಳಬೇಕೋ ತೋಚಲಿಲ್ಲ, ನೀನೇ ಮಾತಾಡಿದರಂತೂ ಇನ್ನೂ ಕಷ್ಟ. ಅದಕ್ಕೇ ಈ ಕಾಗದ. ಉತ್ತರ ಬರೆಯಲೇಬೇಕೆಂದೇನೂ ಇಲ್ಲ. ಓದದೆ ಮಾತ್ರ ಒಲೆಗೆ ಹಾಕಬೇಡ.

ವಿಲ್ಮಾ ಕೆಸೆಲ್‌ಳ ಕುರಿಗಳನ್ನು ಒಂದು ಕಯೋಟಿ ತೋಳ ಹಿಡಿಯುತ್ತಿದೆ. ಅಕ್ಟೋಬರಿನಿಂದ ಈಚೆಗೆ ಹನ್ನೊಂದು ಕುರಿ ಹೋಗಿವೆ. ನೀನು ಕೇಳುವ ಮೊದಲೇ ಹೇಳುತ್ತೇನೆ: ಹಿಂಡಲ್ಲ, ಒಂದೇ ಪ್ರಾಣಿ, ಹೆಣ್ಣು. ಮುಂದಿನ ಎಡಗಾಲಿಗೆ ಪಾದವಿಲ್ಲ. ಹಿಮದ ಮೇಲೆ ಮೂರು ಹೆಜ್ಜೆಗಳು, ನಾಲ್ಕನೆಯದರ ಜಾಗದಲ್ಲಿ ಕೋಲಿನಿಂದ ಚುಚ್ಚಿದಂಥ ಒಂದು ಗುಳಿ. ಮೊಲ, ಜಿಂಕೆಮರಿ ಅದಕ್ಕೆ ಸಿಗುವುದಿಲ್ಲ. ಕುರಿ ಸಿಗುತ್ತದೆ.

ಅದಕ್ಕೆ ಈ ಗತಿ ಹೇಗೆ ಬಂತೆಂದು ನಮ್ಮಿಬ್ಬರಿಗೂ ಗೊತ್ತು. ಹೋದ ವರ್ಷ ಏಪ್ರಿಲಿನಲ್ಲಿ ಹಿಮ ಕರಗಿದಾಗ, ವಿಲ್ಮಾಳ ಕೆಳಗಿನ ಬೇಲಿಯ ಹತ್ತಿರ ನಾವು ಮಣ್ಣಿನಡಿ ಹೂಳುವ, ಕಾಲು ಕಚ್ಚಿ ಹಿಡಿಯುವ ಕಬ್ಬಿಣದ ಬೋನಿನಲ್ಲಿ ಸಿಕ್ಕಿದ್ದು ಒಂದು ಪಾದ ಮಾತ್ರ. ಚಳಿಗೆ ಮರಗಟ್ಟಿದ್ದನ್ನು ತಾನೇ ಕಡಿದುಕೊಂಡು ಹೋಗಿತ್ತು. ಸಿಗ್ನೆಯ ಕೊನೆಯ ವಾರ ನಾನು ಹೆಂಡತಿಯನ್ನು ನೋಡಿಕೊಳ್ಳಲು ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದೆ, ಬೋನಿನ ಸಾಲು ಪೂರ್ತಿ ನಿನ್ನ ಕೈಯಲ್ಲಿತ್ತು. ಆಗ ಹೇಳಿದ್ದನ್ನೇ ಮತ್ತೆ ಹೇಳಿ ಪ್ರಯೋಜನವಿಲ್ಲ, ಹಾಗಂತ ಹಿಂದೆ ತೆಗೆದುಕೊಳ್ಳುವುದೂ ಇಲ್ಲ. ಇಪ್ಪತ್ತೆರಡು ಚಳಿಗಾಲ ನಾವು ಜೊತೆಯಾಗಿ ಬೋನು ಹೂಳಿದವರು. ಬೆಳಿಗ್ಗೆ ಎಲ್ಲ ಬೋನುಗಳನ್ನೂ ನೋಡಿ ಬರದೆ ಒಂದು ದಿನವೂ ಕಾಫಿ ಕುಡಿದವರಲ್ಲ. ಕಾಲು ಮುರಿಯದಿರಲೆಂದು ಬೋನಿನ ದವಡೆಗೆ ರಬ್ಬರು ಸುತ್ತಿದೆವು, ಸರಪಳಿ ಗಿಡ್ಡ ಮಾಡಿದೆವು. ಸಿಕ್ಕ ಪ್ರಾಣಿ ಎರಡನೇ ಬೆಳಗು ಕಾಣಬಾರದು ಎಂದವನು ನೀನೇ.

ನಾನು ಒಬ್ಬನೇ ಪ್ರಯತ್ನಿಸಿ ಸೋತೆ. ಅದು ನನ್ನ ಬೋನನ್ನು ಅಗೆದು ಮಗುಚಿ ಹಾಕುತ್ತದೆ, ಮೇಲೆ ಹೇತು ಹೋಗುತ್ತದೆ. ನಗಬೇಡ. ನಿನ್ನೆ ವಿಲ್ಮಾ ಟ್ರಕ್ಕಿನ ಕಿಟಕಿ ಇಳಿಸಿ ಏನಂದಳು ಗೊತ್ತೇ? "ಹಾಲ್ವೊರ್, ಫೆಬ್ರವರಿ ಕಳೀಲಿ, ಆಮೇಲೆ ನಾನು ಮಾಂಸಕ್ಕೆ ವಿಷ ಹಾಕ್ತೀನಿ. ಕಾನೂನು ಗೀನೂನು ಅಂತ ನನ್ ಹತ್ರ ಬರ್ಬೇಡ."

ಅವಳು ಹಾಕಿದರೆ ಮಿಕ್ಕವರೂ ಹಾಕುತ್ತಾರೆ. ಹದ್ದು, ನರಿ, ನಾಯಿ ಯಾವುದೂ ಉಳಿಯುವುದಿಲ್ಲ. ನಿನ್ನ ನಾಯಿ ಬಟನ್ ಹೇಗೆ ಸತ್ತಿತೆಂದು ನಿನಗೆ ನೆನಪಿಸಬೇಕಾಗಿಲ್ಲ.

ಏನು ಮಾಡಲಿ ಹೇಳು.

ಹಾಲ್ವೊರ್ ಟ್ವೇಟ್

*

ಲೂಯಿಸ್‌ಟೌನ್
ನವೆಂಬರ್ 23, 1983

ಹಾಲ್ವೊರ್,

ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಅಕ್ಕ ಕನ್ನಡಕ ಹಾಕಿಕೊಂಡು ಓದಿ ಹೇಳಿದಳು, ನನ್ನ ಕಣ್ಣಿಗೆ ಈಚೆಗೆ ಹತ್ತಿರದ್ದು ಕಾಣುತ್ತಿಲ್ಲ. ಆದ್ದರಿಂದ ನೀನು ಬರೆದದ್ದೆಲ್ಲ ಅವಳಿಗೂ ಗೊತ್ತಾಯಿತು. "ಇವ್ನು ಸಹಾಯ ಕೇಳ್ತಿದಾನೋ ಜಗಳಕ್ಕೆ ಬರ್ತಿದಾನೋ?" ಎಂದಳು. ಹಾಲ್ವೊರ್ ಎರಡನ್ನೂ ಒಟ್ಟಿಗೇ ಮಾಡುವವನು ಎಂದೆ.

ನಾನು ಬರುವುದಿಲ್ಲ. ಬಟನ್ ಸತ್ತ ರೀತಿಯಲ್ಲಿ ಇನ್ನೊಂದು ನಾಯಿ ಸಾಯಬಾರದು, ಅದೊಂದಕ್ಕೆ ಬರೆಯುತ್ತಿದ್ದೇನೆ.

ಬೋನಿನ ಕಡೆ ಸೆಳೆಯುವ ವಾಸನೆ ಹಾಕುವುದನ್ನು ನಿಲ್ಲಿಸು. ಒಂದು ಸಲ ಬೋನಿಗೆ ಪಾದ ಕೊಟ್ಟ ಪ್ರಾಣಿಗೆ ವಾಸನೆಯೆಂದರೆ ನಿನ್ನ ಹೆಸರು ಬರೆದ ಹಲಗೆ ಇದ್ದಂತೆ. ಅದು ನಡೆಯುವ ಜಾಡು ಹುಡುಕು. ಬಲಗಾಲು ಎಲ್ಲಿ ಬೀಳುತ್ತದೆ, ಮೋಟುಗಾಲು ಎಲ್ಲಿ, ನಡುವೆ ಎಷ್ಟು ಗೇಣು, ಎಲ್ಲ ಅಳೆದು ಬರೆ. ಅಂದಾಜು ಬರೆದರೆ ನನಗೆ ತಿಳಿಯುತ್ತದೆ.

ಒಂದು ಮಾತು ಕೇಳುತ್ತೇನೆ. ಹೋದ ವರ್ಷ ಬೋನಿನ ಋತು ಮುಗಿದ ಮೇಲೆ ಸಿಗ್ನೆಯ ಡಬ್ಬದಲ್ಲಿ ಕ್ಲಿಪ್ಪು ಎಣಿಸಿದೆಯಾ?

ಆಂಬ್ರೋಸ್

*

ಡ್ರೈ ಫೋರ್ಕ್
ಡಿಸೆಂಬರ್ 5, 1983

ಆಂಬ್ರೋಸ್,

ಮೂರು ದಿನ ಬೆಳಿಗ್ಗೆ ಅದರ ಹಿಂದೆ ನಡೆದೆ. ಮೊಣಕಾಲೂರಿ ಅಳೆದೆ, ಎದ್ದೇಳುವಾಗ ಬೇಲಿಯ ಕಂಬ ಹಿಡಿಯಬೇಕಾಯಿತು. ಬಲಗಾಲಿನಿಂದ ಬಲಗಾಲಿಗೆ ಮೂರು ಗೇಣು, ಮೇಲೆ ಎರಡು ಬೆರಳು. ಮೋಟುಗಾಲು ನೆಲಕ್ಕೆ ತಾಗುವುದು ನಿಂತಾಗ ಮಾತ್ರ. ವಿಲ್ಮಾಳ ಕೆಳಗಿನ ಬೇಲಿಯ ಅಡಿಯಲ್ಲಿ ಮೂರು ದಿನವೂ ಒಂದೇ ಕಡೆ ನುಸುಳಿದೆ. ಯಾವ ಜಾಗ ಅಂದರೆ, ಅದೇ ಜಾಗ. ಪಾದ ಸಿಕ್ಕ ಕಂಬದಿಂದ ಹತ್ತು ಹೆಜ್ಜೆ. ಅದಕ್ಕೆ ಹೆದರಿಕೆಯಿಲ್ಲವೋ, ಅಥವಾ ಅಲ್ಲಿ ಆಗುವುದೆಲ್ಲ ಆಗಿಹೋಗಿದೆ ಎಂದುಕೊಂಡಿದೆಯೋ.

ಕ್ಲಿಪ್ಪು ಎಣಿಸಿದ್ದೆ. ಮೂವತ್ತೊಂಬತ್ತು. ಸಿಗ್ನೆ ಬಟ್ಟೆ ಒಣಹಾಕುವ ತಂತಿಯಿಂದ ನಲವತ್ತು ಎಣಿಸಿ ಕೊಟ್ಟಿದ್ದಳು, ನಲವತ್ತು ಬೋನಿಗೆ ನಲವತ್ತು. ಹೂಳಿದರೆ ಬೇಲಿಯ ತಂತಿಗೆ ಒಂದು ಸಿಕ್ಕಿಸು, ಕಿತ್ತರೆ ತೆಗೆದು ಡಬ್ಬಕ್ಕೆ ಹಾಕು. "ನಿಮ್ಮಿಬ್ರ ತಲೇನ ನಂಬೋಕಾಗಲ್ಲ, ನನ್ ಕ್ಲಿಪ್ಪಾದ್ರೂ ನಂಬಿ" ಅಂತಿದ್ದಳು. ಅವಳು ಹೋದ ವಾರದಲ್ಲೇ ಒಂದು ಕಡಿಮೆಯಾಯಿತು. ನೀನು ಬೋನೂ ಮರೆತೆ, ಕ್ಲಿಪ್ಪೂ ಕಳೆದೆ. ನೀನು ಕೇಳಿದ್ದಕ್ಕೆ ಹೇಳಿದೆ, ಇಲ್ಲದಿದ್ದರೆ ಎತ್ತುತ್ತಿರಲಿಲ್ಲ.

ಕುರಿ ಹದಿಮೂರಾದವು.

ಹಾಲ್ವೊರ್

*

ಲೂಯಿಸ್‌ಟೌನ್
ಡಿಸೆಂಬರ್ 15, 1983

ಹಾಲ್ವೊರ್,

ಕ್ಲಿಪ್ಪಿನ ವಿಷಯ: ಸರಿ.

ಬೋನಿನ ವಿಷಯ. ಆ ಬೇಲಿಯಡಿ ನುಸುಳುವಾಗ ಅದು ಎಡಕ್ಕೆ ವಾಲುತ್ತದೆ, ಮೋಟುಗಾಲಿನ ಮೇಲೆ ಭಾರ ಬಿಡಲಾರದೆ ಬಲಗಾಲನ್ನು ಬೇಗ ಊರುತ್ತದೆ. ನಾಲ್ಕು ಕಾಲಿನ ಪ್ರಾಣಿಗೆ ಹೂಳುವ ಜಾಗಕ್ಕಿಂತ ಅರ್ಧ ಗೇಣು ತಂತಿಯ ಹತ್ತಿರಕ್ಕೆ ಹೂಳು. ನೀನು ಇಷ್ಟು ದಿನ ದೂರ ಹೂಳಿದ್ದೀಯ, ನೀನು ಯಾವಾಗಲೂ ದೂರವೇ ಹೂಳುವವನು. ನೆಲ ಕಲ್ಲಾಗಿರುತ್ತದೆ, ಒಣಮಣ್ಣು ತುಂಬು. ನೀನು ಇರುವೆಗೂಡಿನ ಮಣ್ಣನ್ನು ಸಿಗ್ನೆಯ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿಯುವ ದೊಡ್ಡ ಮನುಷ್ಯ. ನಾನು ಕೊಟ್ಟಿಗೆಯ ಮಣ್ಣನ್ನು ಹಿಡಿಗಟ್ಟಲೆ ಸುರಿಯುವ ಒರಟ. ಈ ಸಲ ನಿನ್ನದೇ ಮಣ್ಣು ಒಳ್ಳೆಯದು.

ಚಳಿ ಸೊನ್ನೆಯ ಕೆಳಗೆ ಇಪ್ಪತ್ತು ದಾಟಿದ ದಿನ ಬೋನು ಇಡಬೇಡ. ಅದಕ್ಕೆ ಉಳಿದಿರುವುದು ಒಂದೇ ಮುಂಗಾಲು.

ಆಂಬ್ರೋಸ್

*

ಡ್ರೈ ಫೋರ್ಕ್
ಜನವರಿ 4, 1984

ಆಂಬ್ರೋಸ್,

ಕ್ರಿಸ್‌ಮಸ್‌ಗೆ ಮುಂಚೆಯೇ ಚಳಿ ಬಿತ್ತು. ಮೂವತ್ತು ಕೆಳಗೆ, ಮೂವತ್ತೈದು ಕೆಳಗೆ. ಎಲ್ಲ ಬೋನುಗಳಿಗೂ ಕೋಲು ಚುಚ್ಚಿ ಬಾಯಿ ಮುಚ್ಚಿಸಿ ಬಂದೆ. ವಿಲ್ಮಾ ನನ್ನ ಅಂಗಳದಲ್ಲಿ ನಿಂತು ಕೂಗಾಡಿದಳು: "ನನ್ ಕುರಿ ಕರುಳು ಹೊರಗೆ ಬಿದ್ದು ಸಾಯ್ತಾವೆ, ನೀನು ಅದರ ಬೆರಳು ಹೆಪ್ಪುಗಟ್ಟುತ್ತೆ ಅಂತ ಮನೇಲಿ ಕೂತಿದೀಯ! ಯಾರ ಕಡೆಯವನಯ್ಯಾ ನೀನು?"

  ಅವಳ ಕುರಿಗಳನ್ನು ನಾನೂ ನೋಡಿದ್ದೇನೆ. ಕಯೋಟಿ ಗಂಟಲು ಹಿಡಿದರೆ ಬೇಗ ಮುಗಿಯುತ್ತದೆ, ಇದು ಕುಂಟುತ್ತಾ ಹಿಂದಿನಿಂದ ಹರಿದು ಹಾಕುತ್ತದೆ. ಒಂದು ಕುರಿ ಮಧ್ಯಾಹ್ನದವರೆಗೆ ಬದುಕಿತ್ತು. ಗುಂಡು ಹಾಕಿದ್ದು ವಿಲ್ಮಾ. ಹಾಕಿದ ಮೇಲೆ ಕೈಗವಸು ಕಚ್ಚಿಕೊಂಡು ಅತ್ತಳು.

ಹದಿನೈದನೇ ತಾರೀಕು ಭಾನುವಾರ, ಪ್ರಾರ್ಥನೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಕುರಿ ಸಾಕುವವರ ಸಭೆ. ವಿಷದ ತೀರ್ಮಾನ ಅಲ್ಲೇ. ನಾನೂ ಹೋಗಿ ಮಾತಾಡುತ್ತೇನೆ. ನನಗೆ ಮಾತು ಬರುವುದಿಲ್ಲವೆಂದು ನಿನಗೆ ಗೊತ್ತು. ಇಬ್ಬರ ಪರವಾಗಿಯೂ ಯಾವಾಗಲೂ ಮಾತಾಡುತ್ತಿದ್ದವನು ನೀನು.

ಹಾಲ್ವೊರ್

*

ಡ್ರೈ ಫೋರ್ಕ್
ಜನವರಿ 17, 1984

ಆಂಬ್ರೋಸ್,

ಸಭೆ ಆಯಿತು. ಫೆಬ್ರವರಿ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ನಾನು ಮಾತಾಡಿದೆ. ಮಾತಿನಲ್ಲಿ ನಿನ್ನ ಹೆಸರೂ ಬಂತು. ನಡುವೆಯೇ ಕೂತುಬಿಟ್ಟೆ. ಕಾಫಿ ಚೆನ್ನಾಗಿರಲಿಲ್ಲ.

ಚಳಿ ಸ್ವಲ್ಪ ಮುರಿದಿದೆ. ನೀನು ಹೇಳಿದಂತೆ ತಂತಿಯ ಹತ್ತಿರ ಹೂಳಿದ್ದೇನೆ.

ಬೇರೆ ಏನೂ ಇಲ್ಲ.

ಹಾಲ್ವೊರ್

*

ಲೂಯಿಸ್‌ಟೌನ್
ಜನವರಿ 26, 1984

ಹಾಲ್ವೊರ್,

ವಿಲ್ಮಾ ಫೋನು ಮಾಡಿದ್ದಳು. ನೀನು ಬರೆಯದೆ ಬಿಟ್ಟದ್ದನ್ನು ಹೇಳಿದಳು. ನಲವತ್ತು ಜನರ ಮುಂದೆ ನಿಂತು, "ಈ ಪ್ರಾಣೀನ ಕುಂಟು ಮಾಡಿದ್ದು ಆಂಬ್ರೋಸ್ ಲಾವರ್ಡ್ಯೂರ್‌ನ ಸೋಮಾರಿತನ, ಅದನ್ನ ಸರಿಮಾಡೋ ಜವಾಬ್ದಾರಿ ನಂದು" ಎಂದೆಯಂತೆ. "ಹೇಳ್ದೋನೇ ದೆವ್ವ ಕಂಡೋನ ಹಾಗೆ ಬಾಯಿ ಮುಚ್ಕೊಂಡು ಕೂತ್ಬಿಟ್ಟ ಕಣೋ. ನಾವೆಲ್ಲ ಅವನ ಎದೆ ನಿಂತೋಯ್ತು ಅಂದ್ಕೊಂಡ್ವಿ" ಎಂದಳು.

ನಿಂತಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ, ನಾನೂ ಇಬ್ಬರಿಗೆ ಆಗುವಷ್ಟು ಒಳ್ಳೆಯವನಾಗಿದ್ದು ಸಾಕಾಗಿದೆ.

ಆ ಏಪ್ರಿಲಿನಲ್ಲಿ ನನ್ನನ್ನು ವಿಲ್ಮಾ ಒಬ್ಬಳ ಮುಂದೆ ಬೈದೆ. ಈಗ ಊರಿನ ಮುಂದೆ. ನನ್ನ ಅಪ್ಪನನ್ನು ಹೂಳಿರುವುದು ಆ ಚರ್ಚಿನ ಹಿಂದೆ ಹಾಲ್ವೊರ್, ನಾನು ಇನ್ನು ಅಲ್ಲಿಗೆ ಯಾವ ಮುಖ ಇಟ್ಟುಕೊಂಡು ಬರಲಿ?

ಅದನ್ನು ಹಿಡಿ. ಹಿಡಿದ ಮೇಲೆ ನನಗೆ ಬರೆಯಬೇಡ.

ಆಂಬ್ರೋಸ್

*

ಡ್ರೈ ಫೋರ್ಕ್
ಫೆಬ್ರವರಿ 13, 1984

ಆಂಬ್ರೋಸ್,

ಬರೆಯಬೇಡ ಎಂದಿದ್ದೆ. ಇದೊಂದನ್ನು ನಿನ್ನ ಅಕ್ಕನ ಕೈಲಿ ಓದಿಸಬೇಡ, ನೀನೇ ಹೇಗಾದರೂ ಓದು. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಶನಿವಾರ ಬೆಳಿಗ್ಗೆ ಅದು ಸಿಕ್ಕಿತು. ನೀನು ಹೇಳಿದ ಜಾಗದಲ್ಲಿ, ಅರ್ಧ ಗೇಣು ಹತ್ತಿರ, ಬಲಗಾಲು. ಹಿಂದಿನ ಸಂಜೆ ಬಿದ್ದ ಹಿಮ ಸುತ್ತ ಹೆಚ್ಚು ಕೆದರಿರಲಿಲ್ಲ, ಸಿಕ್ಕು ಒಂದೆರಡು ಗಂಟೆಯೂ ಆಗಿರಲಿಕ್ಕಿಲ್ಲ. ಎಳೆದಾಡುತ್ತಿರಲಿಲ್ಲ, ಕೂತಿತ್ತು. ನಾನು ನೇರವಾಗಿ ನೋಡದೆ ಪಕ್ಕದಿಂದ, ನಾವು ಮಾಡುತ್ತಿದ್ದ ಹಾಗೆ ಮೆಲ್ಲಗೆ ಮಾತಾಡುತ್ತಾ ಹತ್ತಿರ ಹೋದೆ. ಏನು ಮಾತಾಡಿದೆ ಗೊತ್ತೇ? "ತಪ್ಪಾಯ್ತು ಕಣಮ್ಮಾ, ತಪ್ಪಾಯ್ತು" ಅಂತಿದ್ದೆ. ಕಿವಿಯ ಹಿಂದೆ ಒಂದೇ ಗುಂಡು.  ಆಮೇಲೆ ಮೋಟುಗಾಲನ್ನು ಕೈಯಲ್ಲಿ ಹಿಡಿದು ನೋಡಿದೆ. ತುದಿಯ ಚರ್ಮ ಬೂಟಿನ ಅಟ್ಟೆಯಷ್ಟು ದಪ್ಪವಾಗಿತ್ತು. ಎರಡು ವರ್ಷ ಅದರ ಮೇಲೆ ನಿಂತು ಬದುಕಿತ್ತು.

ಈಗ ಸಭೆಯ ವಿಷಯ. ಆ ಭಾನುವಾರ ನಾನು ಕಪ್ಪು ಕೋಟು ಹಾಕಿಕೊಂಡಿದ್ದೆ. ಸಿಗ್ನೆಯನ್ನು ಹೂಳಿದ ದಿನದಿಂದ ಅದು ಬೀರುವಿನಲ್ಲೇ ಇತ್ತು. ಮಾತಾಡುವಾಗ ಕೈ ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ಹಾಕಿದೆ. ನಿನ್ನ ಹೆಸರು ಹೇಳಿದ ಮರುಗಳಿಗೆಯೇ ಬೆರಳಿಗೆ ಕ್ಲಿಪ್ಪು ತಗುಲಿತು. ಸಿಗ್ನೆಯ ಕ್ಲಿಪ್ಪು.

ಆಂಬ್ರೋಸ್, ಆ ಬೋನು ಹೂಳಿದ್ದು ನಾನು. ನಲವತ್ತನೆಯದು. ಕ್ಲಿಪ್ಪು ಬೆರಳಿಗೆ ತಗುಲುವವರೆಗೆ ಅದು ಪೂರ್ತಿ ಮರೆತೇಹೋಗಿತ್ತು. ಸಿಗ್ನೆ ಹೋದ ದಿನ ಮಧ್ಯಾಹ್ನ, ಅವಳಿನ್ನೂ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನಾನೊಬ್ಬನೇ ಕೆಳಗಿನ ಬೇಲಿಗೆ ಹೋಗಿದ್ದೆ, ಮನೆಯಲ್ಲಿ ಕೂರಲಾಗದೆ. ಮಣ್ಣು ಜರಡಿ ಹಿಡಿದೆ. ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡಿದ್ದೆ. ತಂತಿಗೆ ಸಿಕ್ಕಿಸಬೇಕು ಅನ್ನುವಷ್ಟರಲ್ಲಿ ವಿಲ್ಮಾಳ ಟ್ರಕ್ಕು ಹಾರ್ನು ಹೊಡೆಯುತ್ತಾ ಬಂತು. ಬೇಗ ಬರಬೇಕೆಂದು ಆಸ್ಪತ್ರೆಯಿಂದ ಅವಳಿಗೆ ಫೋನು ಬಂದಿತ್ತು. ಮನೆಯ ಹತ್ತಿರ ಎರಡು ನಿಮಿಷ ನಿಂತಳು, ಬೋನಿನ ಕೆಲಸದ ಕೋಟು ನಾರುತ್ತದೆಂದು ಕಪ್ಪು ಕೋಟು ಹಾಕಿಕೊಂಡೆ. ಬಾಯಲ್ಲಿದ್ದದ್ದು ಜೇಬಿಗೆ ಹೋಗಿರಬೇಕು. ಕ್ಲಿಪ್ಪಿನ ಮರದ ಮೇಲೆ ಹಲ್ಲಿನ ಗುರುತು ಇದೆ. ಸಿಗ್ನೆಯನ್ನು ಹೂಳಿದ ದಿನ ಅದು ಕೈಗೆ ಸಿಗಲಿಲ್ಲ, ನನ್ನ ಎರಡು ಕೈಯನ್ನೂ ಯಾರಾದರೂ ಹಿಡಿದುಕೊಂಡೇ ಇದ್ದರು. ಅವರಲ್ಲಿ ನೀನೂ ಒಬ್ಬ.

ಕ್ಲಿಪ್ಪಿಲ್ಲದ ಬೋನನ್ನು ನೀನು ಹೇಗೆ ನೋಡಬೇಕಿತ್ತು? ನಿನ್ನ ಲೆಕ್ಕದಲ್ಲಿ ಅದು ಇರಲೇ ಇಲ್ಲ.

ಸಭೆಯಲ್ಲಿ ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಕೂತೆ. ಕಾಫಿ ಕುಡಿದೆ. ಮನೆಗೆ ಬಂದು ನಿನಗೆ ಕಾಫಿ ಚೆನ್ನಾಗಿರಲಿಲ್ಲ ಎಂದು ಬರೆದೆ. ಬೋನು ಮರೆತದ್ದಕ್ಕೆ ಸಿಗ್ನೆಯ ಹೆಸರು ಹೇಳಿ ಕ್ಷಮೆ ಕೇಳಬಹುದೇನೋ, ಇದಕ್ಕೆ ಯಾರ ಹೆಸರನ್ನೂ ಹೇಳಲಾರೆ. ನಾಲ್ಕು ವಾರ ಹೇಡಿಯಾಗಿದ್ದೆ. ಅದನ್ನು ಹಿಡಿದ ಮೇಲೆ ಹೇಳುತ್ತೇನೆ, ಆಗ ನನ್ನ ಮುಖ ಸ್ವಲ್ಪವಾದರೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ನಿನ್ನೆ ಚರ್ಚಿನಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ನಿನಗಿಂತ ಮೊದಲು ಅವರಿಗೆ ಹೇಳಿದ್ದಕ್ಕೆ ಬೇಸರಪಡಬೇಡ, ಸುಳ್ಳು ಹೇಳಿದ್ದು ಅವರ ಮುಂದೆ.  ವಿಲ್ಮಾ ಹೊರಗೆ ಬಂದು ಟ್ರಕ್ಕಿನ ಹತ್ತಿರ ನಿಲ್ಲಿಸಿ ಕೇಳಿದಳು: "ನಾನು ಅವತ್ತು ಹಾರ್ನು ಹೊಡೀದೆ ಇಳಿದು ಬಂದಿದ್ರೆ, ಕ್ಲಿಪ್ಪು ಸಿಕ್ಕಿಸ್ತಿದ್ಯಾ?"

"ಸಿಕ್ಕಿಸ್ತಿದ್ದೆ."

"ಹಂಗಾದ್ರೆ ನನ್ ಹದಿನೇಳು ಕುರೀಲಿ ನಂದೂ ಒಂದು ಪಾಲಿದೆ ಬಿಡು" ಎಂದಳು. ವಿಷದ ಡಬ್ಬ ವಾಪಸು ಕೊಟ್ಟಳಂತೆ.

ಕ್ಲಿಪ್ಪನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಡಬ್ಬಕ್ಕೆ ಹಾಕುವ ಹಕ್ಕು ನನಗಿಲ್ಲ. ಒಲೆಗೆ ಹಾಕಿದರೂ ಸರಿ.

ನಿನಗೆ ಮಾಡಿದ್ದು ಅನ್ಯಾಯ. ತಪ್ಪಾಯಿತು ಆಂಬ್ರೋಸ್.

ಹಾಲ್ವೊರ್

*

ಲೂಯಿಸ್‌ಟೌನ್
ಫೆಬ್ರವರಿ 24, 1984

ಹಾಲ್ವೊರ್,

ಓದಲು ಎರಡು ದಿನ ಹಿಡಿಯಿತು. ದೊಡ್ಡ ಅಕ್ಷರದಲ್ಲಿ ಬರೆದರೆ ನಿನ್ನ ಕೋಳಿ ದೊಡ್ಡದಾಗುತ್ತದೆ ಅಷ್ಟೆ.

ನನಗೆ ಗೊತ್ತಿತ್ತು. ಏಪ್ರಿಲಿನಲ್ಲಿ ನೀನು ನನ್ನನ್ನು ಕರೆದು ತೋರಿಸಿದೆಯಲ್ಲ, ಆವತ್ತೇ. ಬೋನಿನ ಕೆಳಗಿದ್ದದ್ದು ಇರುವೆಗೂಡಿನ ಮಣ್ಣು, ಸಣ್ಣಗೆ ಜರಡಿ ಹಿಡಿದದ್ದು. ನಾನು ಅದನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಬಗ್ಗಿ ಬೆರಳಲ್ಲಿ ಉಜ್ಜಿ ನೋಡಿದೆ. ನೀನು ಕೂಗಾಡುತ್ತಲೇ ಇದ್ದೆ.

ಯಾಕೆ ಹೇಳಲಿಲ್ಲ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಸಿಗ್ನೆಯನ್ನು ಹೂಳಿ ಆಗ ಎಂಟು ವಾರ. ಹೇಳಿದ್ದರೆ, ಅವಳು ಸತ್ತ ದಿನವನ್ನು ನೆನೆದಾಗಲೆಲ್ಲ ನಿನಗೆ ಬೋನಿನಲ್ಲಿ ಕಾಲು ಕಡಿದುಕೊಳ್ಳುವ ಪ್ರಾಣಿಯೂ ನೆನಪಾಗುತ್ತಿತ್ತು. ಬೈದು ಮುಗಿಸಲಿ, ನಾಳೆ ತಾನೇ ಡಬ್ಬ ಎಣಿಸಿ ಬರುತ್ತಾನೆ ಎಂದುಕೊಂಡೆ. ನೀನು ಬರಲಿಲ್ಲ. ವಾರ ಆಯಿತು, ತಿಂಗಳಾಯಿತು. ಆಮೇಲೆ ಹೇಳದೆ ಇದ್ದದ್ದು ನಿನ್ನ ಮೇಲಿನ ಪ್ರೀತಿಯಿಂದಲ್ಲ, ಸಿಟ್ಟಿನಿಂದ. ನಾನು ಮಾಡಿಲ್ಲವೆಂದು ಗೊತ್ತಿಟ್ಟುಕೊಂಡು ಸುಮ್ಮನಿರುವುದರಲ್ಲಿ ಒಂದು ಸುಖ ಇತ್ತು. ಅದೂ ನನ್ನ ತಪ್ಪೇ. ನಾನು ಬಾಯಿ ಬಿಟ್ಟಿದ್ದರೆ ಹೋದ ಚಳಿಗಾಲವೇ ನಾವಿಬ್ಬರೂ ಸೇರಿ ಅದನ್ನು ಹಿಡಿದು ನೋವು ಮುಗಿಸುತ್ತಿದ್ದೆವು. ಒಂದು ವರ್ಷ ಅದು ನನ್ನ ಸಿಟ್ಟಿನ ಮೇಲೆ ಕುಂಟಿದೆ.

ಕ್ಷಮಿಸಿದ್ದೇನೆಯೇ ಗೊತ್ತಿಲ್ಲ. ಸಿಟ್ಟು ಇನ್ನೂ ಇದೆ. ಈಗ ಅದನ್ನು ಅಕ್ಕನ ಮುಂದೆ ಜೋರಾಗಿ ಹೇಳಬಹುದಾದ್ದರಿಂದ ಸ್ವಲ್ಪ ಹಗುರವಾಗಿದೆ.

ಕ್ಲಿಪ್ಪು ವಾಪಸು ಕಳಿಸುತ್ತಿದ್ದೇನೆ. ಇದು ನನ್ನದಲ್ಲ, ಒಲೆಯದೂ ಅಲ್ಲ. ಒಯ್ದು ಅದು ಇರಬೇಕಾಗಿದ್ದ ತಂತಿಗೆ ಸಿಕ್ಕಿಸು. ಮಾರನೆಯ ಬೆಳಿಗ್ಗೆ, ಕಾಫಿಗೆ ಮುಂಚೆ, ಹೋಗಿ ನೋಡಿ ಬಾ.

ಆಂಬ್ರೋಸ್

*

ಡ್ರೈ ಫೋರ್ಕ್
ಮಾರ್ಚ್ 4, 1984

ಆಂಬ್ರೋಸ್,

ನಿನ್ನೆ ಮಧ್ಯಾಹ್ನ ಕೆಳಗಿನ ಬೇಲಿಗೆ ಹೋದೆ. ಬೋನಿಲ್ಲದೆ, ಜರಡಿಯಿಲ್ಲದೆ, ಬರಿಗೈಯಲ್ಲಿ. ಅಭ್ಯಾಸಬಲದಿಂದ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡಿದ್ದೆ, ಹಲ್ಲು ಹಳೆಯ ಗುರುತಿನ ಮೇಲೆಯೇ ಕೂತಿತು. ತಂತಿಗೆ ಸಿಕ್ಕಿಸಿ ಸ್ವಲ್ಪ ಹೊತ್ತು ನಿಂತೆ. ರಸ್ತೆಯ ಕಡೆ ನೋಡಿದೆ. ಈ ಸಲ ಯಾರೂ ಕರೆಯಲು ಬರಲಿಲ್ಲ.

ಇವತ್ತು ಬೆಳಿಗ್ಗೆ ಬೆಳಕು ಹರಿದ ಕೂಡಲೇ ಹೋದೆ. ಬೇಲಿಯಡಿ ಹೊಸ ಹಿಮ, ಯಾವ ಹೆಜ್ಜೆಯೂ ಇಲ್ಲ. ಇದ್ದರೂ ಇಲ್ಲದಿದ್ದರೂ ಹೋಗಿ ನೋಡುವುದೇ ಕೆಲಸ ಎಂದು ನನಗೆ ಕಲಿಸಿದವನು ನೀನು. ಮೊಣಕಾಲೂರಿ ಹಿಮ ಸರಿಸಿ ನೆಲ ನೋಡಿದೆ. ಅಳು ಬಂತು. ಸಿಗ್ನೆಗೋ, ಆ ಪ್ರಾಣಿಗೋ, ನಿನಗೋ, ಬಿಡಿಸಿ ನೋಡಲು ಹೋಗಲಿಲ್ಲ. ಆಮೇಲೆ ಕಂಬ ಹಿಡಿದು ಎದ್ದು, ಕ್ಲಿಪ್ಪು ತೆಗೆದುಕೊಂಡು ಮನೆಗೆ ಬಂದೆ.

ಡಬ್ಬವನ್ನು ಮೇಜಿನ ಮೇಲೆ ಸುರಿದು ಎಣಿಸಿದೆ. ತಪ್ಪಿರಬಹುದೆಂದು ಇನ್ನೊಂದು ಸಲ ಎಣಿಸಿದೆ. ನಲವತ್ತು.

ಕಾಫಿ ಕಾಯಿಸಿದ್ದೇನೆ.

ಹಾಲ್ವೊರ್